ಆನೆ ಗ್ರೂಪಿಗೆ ನಾನು ಕಳಿಸಿದ ಗುಲಾಬಿಗಳು

ಫೋನಿನಲ್ಲಿ ಆನೆಯ ಉಸಿರು ಕೇಳಿದವರು ನಮ್ಮ ಕಡೆ ಹೆಚ್ಚು ಮಂದಿ ಇರಲಾರರು. ನಾನು ಕೇಳಿದ್ದೇನೆ. ಒಂದೆರಡು ಕ್ಷಣವಲ್ಲ, ಹನ್ನೊಂದು ನಿಮಿಷ ಕೇಳಿದ್ದೇನೆ. ಈ ಸಂಗತಿಯನ್ನು ಮದುವೆ ಮನೆಗಳಲ್ಲಿ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದೆ. ಹೇಳಿದಾಗಲೆಲ್ಲ ಅದರೊಳಗೆ ಒಂದು ಸುಳ್ಳನ್ನು ಸೇರಿಸಿ ಹೇಳಿದೆ. ಆ ಸುಳ್ಳಿನಿಂದ ನಾನು ಒಬ್ಬ ಹೆಂಗಸಿನ ಜೀವ ಉಳಿಸಿದವನು ಎನ್ನಿಸಿಕೊಂಡೆ. ಆ ಹೆಂಗಸಿಗೆ ಬರಬೇಕಾಗಿದ್ದ ಮೇಸ್ತ್ರಿಯ ಸ್ಥಾನ ತಪ್ಪಿಹೋಯಿತು. ಈಗ ನನಗೆ ಅರವತ್ತೊಂದು ವರ್ಷ. ಆನೆಯ ಉಸಿರು ಎಷ್ಟು ನಿಜವೋ ಇದೂ ಅಷ್ಟೇ ನಿಜವಾದ್ದರಿಂದ ಎರಡನ್ನೂ ಒಟ್ಟಿಗೇ ಬರೆದಿಡುತ್ತಿದ್ದೇನೆ.

ನನ್ನದು ಕೊಡ್ಲಿಪೇಟೆ ಕಡೆ. ಹೈಸ್ಕೂಲು ಮುಗಿಸಿ ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ತೋಟಕ್ಕೆ ರೈಟರ್ ಆಗಿ ಬಂದವನು ಅಲ್ಲೇ ಮುದುಕನಾದೆ. ರೈಟರ್ ಎಂದರೆ ಬೆಳಿಗ್ಗೆ ಎಲ್ಲರೂ ಸೇರುವ ಮಸ್ಟರ್ ಶೆಡ್ಡಿನಲ್ಲಿ ನಿಂತು ಆಳುಗಳ ಹಾಜರಿ ಕರೆಯುವವನು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವವನು, ಸಂಜೆ ಹಣ್ಣಿನ ಚೀಲ ತೂಗಿಸುವವನು. ಗಂಟಲು ಗಟ್ಟಿ ಇಲ್ಲದಿದ್ದರೆ ಈ ಕೆಲಸಕ್ಕೆ ಆಗುವುದಿಲ್ಲ. ಈ ದಿಣ್ಣೆಯಲ್ಲಿ ನಿಂತು ಆ ದಿಣ್ಣೆಯವರನ್ನು ಕೂಗಿಯೇ ನಲವತ್ತು ವರ್ಷ ಕಳೆದೆ. ಕೈಗೆ ಮೊಬೈಲ್ ಬಂದ ಮೇಲೂ ನನ್ನ ದನಿ ತಗ್ಗಲಿಲ್ಲ. ಅಡಿಗೆಮನೆಯಿಂದ ನನ್ನ ಹೆಂಡತಿ ಹೇಳುತ್ತಿದ್ದಳು:

"ಫೋನ್ ಯಾಕ್ರೀ ಬೇಕು ನಿಮ್ಗೆ? ಕರೆನ್ಸಿ ದಂಡ. ನೀವ್ ಹಿಂಗ್ ಮಾತಾಡಿದ್ರೆ ಕುಶಾಲನಗರಕ್ಕೆ ಹಂಗೇ ಕೇಳುಸ್ತದೆ."

ಆದರೂ ಆ ಯಂತ್ರದ ಮೇಲೆ ನನಗೆ ಮೊದಲಿನಿಂದ ಒಂದು ಬೆರಗು ಇತ್ತು. ಅದರಲ್ಲೂ ಆನೆ ಗ್ರೂಪ್ ಶುರುವಾದ ಮೇಲೆ ಆ ಬೆರಗು ಭಕ್ತಿಯ ಮಟ್ಟಕ್ಕೆ ಹೋಯಿತು.

ಆನೆ ಗ್ರೂಪ್ ಎಂದರೆ ನಮ್ಮ ಸುತ್ತಿನ ನಾಲ್ಕೈದು ತೋಟಗಳವರು ಸೇರಿ ಮಾಡಿಕೊಂಡ ವಾಟ್ಸಾಪ್ ಗ್ರೂಪು. ರೊಬಸ್ಟಾ ಕಾಫಿ ಹಣ್ಣಾಗುವ ಕಾಲಕ್ಕೆ ಆನೆಗಳು ತೋಟಕ್ಕೆ ಇಳಿಯುತ್ತವೆ. ಕಂದಕ ದಾಟುತ್ತವೆ, ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟುತ್ತವೆ. ಕಾಫಿ ಹಣ್ಣಿನ ರುಚಿಯೂ ಅವಕ್ಕೆ ಹತ್ತಿದೆ. ಲದ್ದಿಯಲ್ಲಿ ಬೀಜ ಹಾಗೇ ಇರುತ್ತದೆ. ಅರಣ್ಯ ಇಲಾಖೆಯ ಕಡೆಯಿಂದ ಒಬ್ಬ ವಾಚರ್ ಇದ್ದ. ನಲವತ್ತು ದಾಟಿದ, ಸಣಕಲು ದೇಹದ ಮನುಷ್ಯ. ಬೆಳಕು ಹರಿಯುವ ಮೊದಲೇ ಎದ್ದು ಕಂದಕದ ಉದ್ದಕ್ಕೂ ನಡೆದು, ಹೆಜ್ಜೆ ನೋಡಿ, ಲದ್ದಿಗೆ ಕೈಯಿಟ್ಟು ಬಿಸಿ ನೋಡಿ, ಆಮೇಲೆ ಫೋನನ್ನು ತುಟಿಯ ಹತ್ತಿರ ಹಿಡಿದು ಪಿಸುದನಿಯಲ್ಲಿ ಹೇಳಿ ಕಳಿಸುತ್ತಿದ್ದ: "ಕೆರೆ ಬ್ಲಾಕಲ್ಲಿ ಮೂರಿದಾವೆ. ಒಂದ್ ಮರಿ. ಮೇಲಿನ ದಾರೀಲಿ ಬನ್ನಿ."

ಅಷ್ಟೇ ಮಾತು. ಅಷ್ಟಕ್ಕೇ ಆಳುಗಳ ಸಾಲುಮನೆಗಳಿಂದ, ಅಂದರೆ ಲೈನಿನಿಂದ, ಹೊರಟ ಹೆಂಗಸರು ದಾರಿ ಬದಲಿಸುತ್ತಿದ್ದರು, ಹಾಲಿನವನು ಸ್ಕೂಟರ್ ತಿರುಗಿಸುತ್ತಿದ್ದ, ಶಾಲೆಯ ಜೀಪು ಗೇಟಿನಲ್ಲೇ ಕಾಯುತ್ತಿತ್ತು. ಒಬ್ಬನ ಪಿಸುಮಾತಿಗೆ ಇಡೀ ಗುಡ್ಡ ಪಕ್ಕಕ್ಕೆ ಸರಿದು ಆನೆಗಳಿಗೆ ದಾರಿ ಬಿಡುವುದನ್ನು ನೋಡಿ ನನಗೆ ಮೈ ಜುಮ್ಮೆನ್ನುತ್ತಿತ್ತು. ನಾನು ನಲವತ್ತು ವರ್ಷ ಕೂಗಿದರೂ ಇಷ್ಟು ಜನ ಒಟ್ಟಿಗೆ ಮಾತು ಕೇಳಿದ್ದಿಲ್ಲ.

ಗ್ರೂಪ್ ಮಾಡಿದ ದಿನ ಆ ವಾಚರ್ ನಮ್ಮ ಮಸ್ಟರಿಗೆ ಬಂದು ಎಲ್ಲರೆದುರು ಹೇಳಿದ್ದ:

"ಇದ್ರಲ್ಲಿ ಆನೆ ಬಿಟ್ರೆ ಬೇರೇನೂ ಹಾಕ್ಬೇಡಿ. ಹುಟ್ಟಿದ್ ಹಬ್ಬ ಬೇಡ, ದೇವ್ರು ಬೇಡ, ಎಲೆಕ್ಷನ್ ಬೇಡ. ಬೆಳಿಗ್ಗೆ ಲೈನಿಂದ ಹೊರಡೋವಾಗ ಒಂದ್ಸಲ ಗ್ರೂಪ್ ನೋಡಿ, ಆಮೇಲೆ ಫೋನ್ ಸೈಲೆಂಟಿಗೆ ಹಾಕಿ. ಮಸ್ಟರ್ ಬೆಲ್ ಹೊಡಿಯೋವರೆಗೂ ದಾರೀಲಿರೋರಿಗೆ ಯಾರೂ ರಿಂಗ್ ಕೊಡ್ಬೇಡಿ. ನಮ್ ವಾಸ್ನೆ ಆನೆಗೆ ರೂಢಿ ಆಗಿದೆ. ರಿಂಗ್ ರೂಢಿ ಆಗಿಲ್ಲ."

ಯಾರೋ ಹಿಂದಿನಿಂದ, "ರೈಟ್ರಿಗೆ ಇನ್ನೊಂದ್ಸಲ ಹೇಳಣ್ಣ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ದೇವರು ಬೇಡ ಎಂದದ್ದು ನನಗೆ ಒಳಗೇ ಚುಚ್ಚಿತು.

ಹದಿನೈದು ದಿನ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಯಾರೋ ನನಗೆ ಕಳಿಸಿದ ಗುಲಾಬಿಯ ಚಿತ್ರ, ಅದರ ಮೇಲೆ ಇಬ್ಬನಿ, ಕೆಳಗೆ ಶುಭೋದಯ, ಇವನ್ನು ಗ್ರೂಪಿಗೆ ಹಾಕಿದೆ. ಕೈಮುಗಿದ ಚಿತ್ರಗಳು ನಾಲ್ಕು ಬಂದವು. ಅದರ ಸುಖವನ್ನು ಹೇಗೆ ಹೇಳಲಿ? ಜೀವಮಾನವಿಡೀ ಬೈದು ಕೆಲಸ ಮಾಡಿಸಿದವನಿಗೆ ಬೆಳಗಾಗುತ್ತಲೇ ನಾಲ್ಕು ಜನ ಕೈ ಮುಗಿಯುವುದೆಂದರೆ! ಮರುದಿನ ಎರಡು ಹಾಕಿದೆ. ಆಮೇಲೆ ನವಿಲು, ಸೂರ್ಯೋದಯ, ಶಿವಲಿಂಗ, ನುಡಿಮುತ್ತು. ವಾಚರ್ ಒಮ್ಮೆ ನನಗೊಬ್ಬನಿಗೇ ಬರೆದ: "ಅಣ್ಣಾ, ಹೂವು ಬೇರೆ ಗ್ರೂಪಿಗೆ ಹಾಕಿ." ನಾನು ಅವನಿಗೆ ಫೋನ್ ಮಾಡಿ, "ಬೆಳಿಗ್ಗೆ ಎದ್ದು ಒಳ್ಳೇ ಮಾತು ಹೇಳೋಕೆ ನಿನ್ನ ಪರ್ಮಿಶನ್ ತಗೋಬೇಕೇನಪ್ಪ?" ಎಂದೆ. ಅವನು ಮತ್ತೆ ಏನೂ ಹೇಳಲಿಲ್ಲ. ಹೇಳಲಿಲ್ಲವೆಂದ ಮೇಲೆ ಗೆದ್ದೆ ಅಂದುಕೊಂಡೆ.

ಇನ್ನು ಆ ಹೆಂಗಸು. ನಮ್ಮ ತೋಟದ ಲೈನಿನಲ್ಲೇ ಹುಟ್ಟಿದವಳು. ಮನೆಮಾತು ತಮಿಳು, ನಮ್ಮೊಡನೆ ಕನ್ನಡ, ಕೋಪ ಬಂದರೆ ಎರಡೂ ಸೇರಿ. ಐವತ್ತರ ಹತ್ತಿರ ವಯಸ್ಸು. ಅವಳ ಬೆರಳುಗಳು ಗಿಡದ ಮೇಲೆ ಓಡುವುದನ್ನು ನಿಂತು ನೋಡಬೇಕು. ಹಸಿರು ಕಾಯಿಯೊಂದೂ ಉದುರದೆ ಹಣ್ಣು ಮಾತ್ರ ಚೀಲಕ್ಕೆ ಬರುತ್ತಿತ್ತು. ಹೆಂಗಸರ ಗ್ಯಾಂಗಿನಲ್ಲಿ ಜಗಳವಾದರೆ ನನ್ನ ಬಳಿ ಬರುತ್ತಿರಲಿಲ್ಲ, ಅವಳ ಬಳಿ ಹೋಗುತ್ತಿತ್ತು. ಆ ಗ್ಯಾಂಗಿಗೆ ಯಾವಾಗಲೂ ಗಂಡಸೇ ಮೇಸ್ತ್ರಿ. ಹಳೇ ಮೇಸ್ತ್ರಿ ಕೆಲಸ ಬಿಟ್ಟಾಗ, ಈ ಸಲ ಅವಳನ್ನೇ ಮಾಡೋಣ ಎಂದು ಮ್ಯಾನೇಜರ್ ಮನಸ್ಸು ಮಾಡಿದ್ದರು. ನಮ್ಮ ತೋಟದಲ್ಲಿ ಹೆಂಗಸು ಮೇಸ್ತ್ರಿಯಾಗುವುದು ಅದೇ ಮೊದಲು. ಲೈನಿನಲ್ಲೆಲ್ಲ ಆ ಮಾತು ಹರಡಿತ್ತು. ಅವಳು ಏನೂ ಆಡಿರಲಿಲ್ಲ, ಆದರೆ ಆ ವಾರ ಒಂದು ಹೊಸ ಟೋಪಿ ಕೊಂಡಿದ್ದಳು.

ಅವಳ ಹತ್ತಿರ ಮಗಳು ಕೊಟ್ಟ ಹಳೇ ಟಚ್ ಫೋನಿತ್ತು. ಒಂದು ದಿನ ತೂಕದ ಹೊತ್ತಿನಲ್ಲಿ ಕೇಳಿದಳು:

"ಸಾರ್, ನಿಮ್ ಹೂವು ಬಂದ್ರೆ ನನ್ ಫೋನ್ ಹ್ಯಾಂಗಾಗುತ್ತೆ. ಸ್ವಲ್ಪ ಕಮ್ಮಿ ಮಾಡಿ."

"ಹೂವು ಅಷ್ಟು ಭಾರವೇನಮ್ಮ? ಐವತ್ತು ಕಿಲೋ ಚೀಲ ಹೊರ್ತೀಯ."

"ಚೀಲ ತಲೆ ಮೇಲಿಡಬಹುದು ಸಾರ್. ಇದನ್ನ ಎಲ್ಲಿಡ್ಲಿ?"

ಸುತ್ತ ಇದ್ದವರೆಲ್ಲ ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ಮರುದಿನ ಸಂಜೆ ಅವಳಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಿಕ್ಕಾಗ ಕೇಳಿದರೆ ಬೆಳಿಗ್ಗೆ ಸೈಲೆಂಟಿಗೆ ಹಾಕಿದ್ದು ಹಾಗೇ ಮರೆತಿದ್ದೆ ಎಂದಳು. "ಮೇಸ್ತ್ರಿ ಆಗೋಳು ನೀನು. ರೈಟರ್ ಫೋನ್ ಮಾಡಿದ್ರೆ ಎತ್ತಬೇಕು. ಸೈಲೆಂಟು ಗಿಲೆಂಟು ನನ್ನ ಹತ್ರ ನಡಿಯಲ್ಲ. ನಾಳೆಯಿಂದ ರಿಂಗ್ ಆಗ್ಲೇಬೇಕು" ಎಂದು ಎಲ್ಲರೆದುರು ಗದರಿದೆ. ಅವಳು ಅಲ್ಲೇ ಫೋನ್ ತೆಗೆದು ನನ್ನ ಕಣ್ಣೆದುರಿಗೇ ಅದರ ದನಿ ಏರಿಸಿದಳು.

ಅದಾದ ಎರಡನೇ ಬೆಳಿಗ್ಗೆ ಅದು ನಡೆಯಿತು.

ಜನವರಿ ತಿಂಗಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಸ್ಟರ್ ಶೆಡ್ಡಿನ ಕಂಬ ಕಾಣುತ್ತಿತ್ತು, ಮಾಡು ಕಾಣುತ್ತಿರಲಿಲ್ಲ. ನಾನು ಎಂದಿನಂತೆ ಬೇಗ ಬಂದು ಜೀಪಿಗೆ ಒರಗಿ ನಿಂತು, ಸಂಕ್ರಾಂತಿ ಹತ್ತಿರ ಬಂತೆಂದು ಹನ್ನೊಂದು ಗುಲಾಬಿ ಚಿತ್ರಗಳನ್ನು ಒಂದರ ಹಿಂದೊಂದು ಆನೆ ಗ್ರೂಪಿಗೆ ಹಾಕಿದೆ. ಹಾಕಿ ಫೋನ್ ಜೇಬಿಗಿಟ್ಟೆ. ನಡುವೆ ಬೇರೆ ಯಾರದ್ದಾದರೂ ಮೆಸೇಜ್ ಬಂತೋ ಎಂದು ನೋಡಲಿಲ್ಲ. ನಾನು ಕಳಿಸುವವನು, ನೋಡುವವನಲ್ಲ.

ಹೆಂಗಸರೆಲ್ಲ ಬಂದರು, ಅವಳೊಬ್ಬಳು ಬರಲಿಲ್ಲ. ಮ್ಯಾನೇಜರ್ ಹೊಸ ಮೇಸ್ತ್ರಿಯ ಹೆಸರು ಹೇಳಲು ಅಂದೇ ಬರುವವರಿದ್ದರು. ಬೆಲ್ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ನನಗೆ ಒಳಗೊಳಗೇ ಒಂದು ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ: ಮೊದಲ ದಿನವೇ ಎಲ್ಲರಿಗಿಂತ ಹಿಂದೆ ಉಳಿದು ಸಿಕ್ಕಿಬಿದ್ದಳು. ಫೋನ್ ತೆಗೆದು ರಿಂಗ್ ಕೊಟ್ಟೆ. ನಾಲ್ಕು ಸಲ ಹೊಡೆದು ಕನೆಕ್ಟ್ ಆಯಿತು. ಹಲೋ ಎನ್ನುವುದಕ್ಕೂ ಬಿಡದೆ ಕಿರುಚಿದೆ:

"ಎಲ್ಲಿ ಸತ್ತೆ ನೀನು? ಮೇಸ್ತ್ರಿಗಿರಿ ಈಗ್ಲೇ ತಲೆಗೇರ್ತಾ?"

ಉತ್ತರ ಬರಲಿಲ್ಲ. ಒಂದು ದೊಡ್ಡ ಉಸಿರು ಬಂತು.

ಮನುಷ್ಯನ ಉಸಿರಲ್ಲ ಎಂದು ಮೊದಲ ಸಲಕ್ಕೇ ತಿಳಿಯಿತು. ಕುಲುಮೆಯ ತಿದಿ ಒತ್ತಿದ ಹಾಗೆ ನಿಧಾನಕ್ಕೆ ತುಂಬಿಕೊಂಡು, ಅಷ್ಟೇ ನಿಧಾನಕ್ಕೆ ಖಾಲಿಯಾಗುವ ಉಸಿರು. ಅದರ ಕೊನೆಯಲ್ಲಿ ಒಂದು ಒದ್ದೆ ಸದ್ದು, ಏನೋ ಫೋನಿನ ಗಾಜಿನ ಮೇಲೆ ಸವರಿದ ಹಾಗೆ. ಸೊಂಡಿಲ ತುದಿ ಎಂದು ಆಮೇಲೆ ಗೊತ್ತಾಯಿತು. ಅದರ ಹಿಂದೆಯೇ ಒಂದು ಗುಡುಗು. ಅದನ್ನು ಕೇಳಿದೆ ಎನ್ನುವುದು ತಪ್ಪು. ಅದು ನನ್ನ ಕೆನ್ನೆಯ ಮೂಳೆಗೆ ಬಂತು, ಹಲ್ಲಿಗೆ ಬಂತು. ನಲವತ್ತು ವರ್ಷದಲ್ಲಿ ಎಷ್ಟೋ ಆನೆ ಕಂಡಿದ್ದೇನೆ, ದೂರದಿಂದ, ಜೀಪಿನಿಂದ, ಓಡುತ್ತ ತಿರುಗಿ ನೋಡಿ. ಇಷ್ಟು ಹತ್ತಿರ ಎಂದೂ ಇರಲಿಲ್ಲ. ಅದರ ಒಳಗೇ ಕಿವಿಯಿಟ್ಟ ಹಾಗಿತ್ತು.

ಆಗ ಜೀಪ್ ಡ್ರೈವರ್ ಓಡಿ ಬಂದ. "ರೈಟ್ರೇ, ವಾಚರ್ ಮೆಸೇಜ್ ನೋಡಿದ್ರಾ? ಕೊಲ್ಲಿ ಹಳ್ಳದ ದಾರೀಲಿ ಐದಿದಾವಂತೆ! ಅಕ್ಕ ಒಬ್ರೇ ದಿನಾ ಆ ದಾರೀಲೇ ಬರೋದು ಅಲ್ವಾ..." ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ನನ್ನ ಮುಖ ನೋಡಿ ಅಲ್ಲೇ ಕಲ್ಲಾದ. ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ರೈಟರ್ ಫೋನ್ ಹಿಡಿದೂ ಬಾಯಿ ತೆರೆಯುತ್ತಿಲ್ಲ ಎಂದರೆ ಏನೋ ಆಗಿದೆ ಎಂದು ಅವರಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಕರೆ ಕತ್ತರಿಸಲು ಹೆದರಿಕೆ. ಕತ್ತರಿಸಿದರೆ ಕೀ ಕೀ ಎಂದು ಸದ್ದು ಬಂದರೆ? ಮಾತಾಡಿದರಂತೂ ಮುಗಿಯಿತು. ನನ್ನ ಉಸಿರು ಆ ಕಡೆಗೆ ಕೇಳಿಸೀತೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತೆ. ಎಲೆ ಸರಿಯುವ ಸದ್ದು. ಒಂದು ರೆಂಬೆ ಲಟ್ಟೆಂದದ್ದು. ಮರಿಯದ್ದಿರಬೇಕು, ತುತ್ತೂರಿಯಂಥ ಒಂದು ಸಣ್ಣ ದನಿ, ಅದಕ್ಕೆ ಉತ್ತರವಾಗಿ ಮತ್ತೆ ಆ ಗುಡುಗು, ಈ ಸಲ ಮೆತ್ತಗೆ. ತಾಯಿ ಮಗುವಿಗೆ ಏನೋ ಹೇಳುತ್ತಿದ್ದಳು. ಅವರ ಮನೆಯ ಮಾತನ್ನು ನಾನು ಬಾಗಿಲ ಸಂದಿನಿಂದ ಕದ್ದು ಕೇಳುತ್ತಿದ್ದೆ. ಹೆದರಿಕೆಯ ಒಳಗೇ ಇನ್ನೊಂದು ಏನೋ ಎದ್ದಿತು. ಈ ಸದ್ದು ನಿಲ್ಲದಿರಲಿ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ, ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದೆ, ಯಾವುದಕ್ಕೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ನಿಧಾನಕ್ಕೆ ಎಲ್ಲ ಸದ್ದೂ ದೂರವಾದವು. ಐದು ಆನೆ ನಡೆದು ಹೋದರೂ ಹೆಜ್ಜೆಯ ಸದ್ದಿಲ್ಲ. ಬರೀ ಮಂಜಿನ ಹನಿ ಎಲೆಯಿಂದ ಬೀಳುವ ಟಪ್ ಟಪ್. ಎಷ್ಟೋ ಹೊತ್ತಿನ ಮೇಲೆ ಬಟ್ಟೆಯ ಸರಸರ, ಆಮೇಲೆ ಅವಳ ದನಿ, ಏದುಸಿರು:

"ಹೋದ್ವು ಸಾರ್. ಬರ್ತಾ ಇದೀನಿ."

ಫೋನ್ ನೋಡಿದರೆ ಹನ್ನೊಂದು ನಿಮಿಷ ಚಿಲ್ಲರೆ ತೋರಿಸುತ್ತಿತ್ತು.

ಅವಳು ಮಂಜಿನೊಳಗಿಂದ ಬಂದಳು. ಟೋಪಿ ಇರಲಿಲ್ಲ. ಕೆನ್ನೆಯ ಮೇಲೆ ಮೆಣಸಿನ ಬಳ್ಳಿ ಒತ್ತಿದ ಗುರುತು. ಕೈಯಲ್ಲಿದ್ದ ಫೋನಿನ ಗಾಜಿನ ಮೇಲೆ ಮಣ್ಣು ಬೆರೆತ ಲೋಳೆ. ಸೆರಗಿನಿಂದ ಅದನ್ನು ಒರೆಸಲು ಹೊರಟವಳು ಒರೆಸದೆ ಹಾಗೇ ನೋಡುತ್ತ ನಿಂತಳು. ಹೆಂಗಸರು ಅವಳ ಮೇಲೆ ಬಿದ್ದು ಅತ್ತರು; ಫೋನ್ ಎಸೆದದ್ದನ್ನು ಅವಳು ಅವರಿಗೆ ಹೇಳಿದಳು. ಅಷ್ಟರಲ್ಲಿ ಮ್ಯಾನೇಜರ್ ಬಂದರು, ಏನಾಯಿತು ಎಂದು ಕೇಳಿದರು. ಡ್ರೈವರ್ ಉತ್ಸಾಹದಲ್ಲಿ ನನಗಿಂತ ಮೊದಲೇ ಹೇಳಿದ:

"ನಾನ್ ಬಂದು ಹೇಳೋಕ್ ಮೊದ್ಲೇ ರೈಟ್ರು ಮೆಸೇಜ್ ನೋಡಿ ಫೋನ್ ಹಾಕ್ಬಿಟ್ಟಿದ್ರು ಸಾರ್! ಅಕ್ಕ ಫೋನ್ ಎಸೆದ್ರು, ಆನೆ ಫೋನ್ ಕಡೆ ಹೋಯ್ತು. ಇಲ್ದಿದ್ರೆ ಇವತ್ತು ಇವ್ರಿಲ್ಲ."

ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಕಣ್ಣೀರು ಒರೆಸಿಕೊಂಡೆ. ಅದನ್ನೇ ಅವರು ಒಪ್ಪಿಗೆ ಅಂದುಕೊಂಡರು. ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಆಮೇಲೆ ಅವಳ ಕಡೆ ತಿರುಗಿ, "ಮೆಸೇಜ್ ಬಂದಿದೆಯಲ್ಲಮ್ಮ, ನೋಡೋಕೇನಾಗಿತ್ತು? ನಿನ್ನನ್ನೇ ನೋಡ್ಕೊಳ್ಳದೋಳಿಗೆ ಮೂವತ್ತು ಹೆಂಗಸರನ್ನ ಹೇಗೆ ಒಪ್ಪಿಸ್ಲಿ?" ಎಂದರು.

ಅವಳು ನನ್ನನ್ನು ಒಂದು ಸಲ ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ನೀವು ಹೇಳುತ್ತೀರಾ ಎಂದು ಕೇಳಿದ ಹಾಗಿತ್ತು. ನಾನು ಹಾಜರಿ ಪುಸ್ತಕ ತೆರೆದೆ.

"ತಪ್ಪಾಯ್ತು ಸಾರ್," ಎಂದಳು ಅವಳು ಮ್ಯಾನೇಜರಿಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಗ್ರೂಪ್ ತೆಗೆದು ನೋಡಿದೆ. ನನ್ನ ಆರನೇ ಚಿತ್ರಕ್ಕೂ ಏಳನೇ ಚಿತ್ರಕ್ಕೂ ನಡುವೆ ವಾಚರನ ಪಿಸುಮಾತು ಕೂತಿತ್ತು. ಮೇಲೆ ಆರು ಗುಲಾಬಿ, ಕೆಳಗೆ ಐದು ಗುಲಾಬಿ. ಅವಳು ಲೈನಿನಿಂದ ಹೊರಡುವಾಗ ಗ್ರೂಪ್ ತೆರೆದಿದ್ದರೂ ಕಂಡದ್ದು ನನ್ನ ಶುಭೋದಯವೇ. ಹನ್ನೊಂದನ್ನೂ ಎಲ್ಲರಿಗೂ ಕಾಣದಂತೆ ಅಳಿಸಿದೆ. ಅಳಿಸಿದರೆ ಅಳಿಸಿದ ಗುರುತು ಹೆಸರಿನ ಸಮೇತ ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಮ್ಯಾನೇಜರ್ ಕೇಳಿಯೇಬಿಟ್ಟರು. "ವಾಚರ್ ಮೆಸೇಜು ಎಲ್ರಿಗೂ ಸರಿಯಾಗಿ ಕಾಣ್ಲಿ ಅಂತ ತೆಗೆದೆ ಸಾರ್" ಎಂದೆ. ಅದಕ್ಕೂ ಮೆಚ್ಚುಗೆ ಸಿಕ್ಕಿತು.

ಮೂರನೇ ದಿನ ಅವಳು ನಮ್ಮ ಮನೆಗೆ ಬಂದಳು. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ. ಜೀವ ಉಳಿಸಿದವರಿಗೆ ಹಾಗೆ ಕೊಡುವುದು ಲೈನಿನಲ್ಲಿ ರೂಢಿ. ಲೈನಿನವರು ಒತ್ತಾಯ ಮಾಡಿ ಕಳಿಸಿರಬೇಕು ಅಂದುಕೊಂಡೆ. ತಟ್ಟೆ ಮುಂದಿಟ್ಟು ಕೈ ಮುಗಿದಳು. ನಾನು ತೆಗೆದುಕೊಂಡೆ. ಅವಳು ಹೋದ ಮೇಲೆ ಹೆಂಡತಿ ನನ್ನ ಮುಖವನ್ನೇ ನೋಡುತ್ತ, "ಏನ್ರೀ ಹಿಂಗ್ ಕೂತ್ರಿ? ಕಾಯಿ ಕೊಟ್ಲಾ, ಕೆಂಡ ಕೊಟ್ಲಾ?" ಎಂದಳು.

ಮೇಸ್ತ್ರಿಯಾಗಿ ಬೇರೆ ಕಡೆಯಿಂದ ಒಬ್ಬ ಗಂಡಸು ಬಂದ. ಗುಲಾಬಿ ಹಾಕುವುದನ್ನು ನಾನು ನಿಲ್ಲಿಸಿದೆ. ಆದರೆ ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ. ಹೇಳಿದಷ್ಟೂ ಆನೆಗಳು ದೊಡ್ಡದಾದವು, ನನ್ನ ಸಮಯಪ್ರಜ್ಞೆಯೂ ದೊಡ್ಡದಾಯಿತು. ಉಸಿರಿನ ಭಾಗಕ್ಕೆ ಬಂದಾಗ ಮಾತ್ರ ದನಿ ತಾನಾಗಿ ಇಳಿಯುತ್ತಿತ್ತು. ಅಲ್ಲಿ ಸುಳ್ಳು ಸೇರಿಸಲು ನನ್ನಿಂದ ಆಗಲಿಲ್ಲ.

ಹೀಗೆ ಮೂರು ಕೊಯ್ಲು ಕಳೆಯಿತು. ಈ ವರ್ಷ ಆ ಮೇಸ್ತ್ರಿ ಕೆಲಸ ಬಿಟ್ಟು ಹೋದ. ಮ್ಯಾನೇಜರ್ ನನ್ನನ್ನು ಕರೆದು ಯಾರನ್ನು ಮಾಡೋಣ ಎಂದು ಕೇಳಿದರು. ಅವಳ ಹೆಸರು ಹೇಳಿದೆ.

"ಅವಳಾ? ಗ್ರೂಪೇ ನೋಡದೋಳು? ನೀವು ಇಲ್ದಿದ್ರೆ ಆವತ್ತೇ ಮುಗಿದಿತ್ತಲ್ಲ ರೈಟ್ರೇ."

ಆಫೀಸಿನಿಂದ ಹೊರಬಿದ್ದವನು ಮನೆಯ ದಾರಿ ಹಿಡಿಯದೆ ಲೈನಿನ ದಾರಿ ಹಿಡಿದೆ. ಅಷ್ಟು ವರ್ಷದಲ್ಲಿ ಆಳು ಕರೆಯಲು ಹೋಗಿದ್ದೇನೆಯೇ ಹೊರತು ಯಾರ ಮನೆಯ ಜಗಲಿಯಲ್ಲೂ ಕೂತವನಲ್ಲ. ಅವಳು ಬಾಗಿಲಲ್ಲಿ ಕೂತು ಪಿನ್ನಿನಿಂದ ಹಿಮ್ಮಡಿಯ ಮುಳ್ಳು ತೆಗೆಯುತ್ತಿದ್ದಳು. ನನ್ನನ್ನು ಕಂಡು ಏಳಹೊರಟಳು. ಬೇಡ ಎಂದು ನಾನೇ ಮೆಟ್ಟಿಲ ಮೇಲೆ ಕೂತೆ.

"ಆವತ್ತು ನಾನು ವಾಚರ್ ಮೆಸೇಜ್ ನೋಡಿರ್ಲಿಲ್ಲಮ್ಮ," ಎಂದೆ.

"ಗೊತ್ತು ಸಾರ್."

"ಬೈಯೋಕೆ ಫೋನ್ ಮಾಡಿದ್ದು."

"ಅದೂ ಗೊತ್ತು. ನಂಗೂ ಕೇಳುಸ್ತು, ಆನೆಗೂ ಕೇಳುಸ್ತು." ಮುಳ್ಳಿನಿಂದ ಕಣ್ಣೆತ್ತದೆ ಹೇಳಿದಳು. "ಅಷ್ಟು ಕಿರುಚ್ಬೇಕಾಗಿರ್ಲಿಲ್ಲ ಸಾರ್. ಆನೆ ಕಿವಿ ಎಷ್ಟ್ ದೊಡ್ಡದಿದೆ."

ಅವಳೇ ನಕ್ಕಳು. ಆಮೇಲೆ ನಾನು ಎಂದೂ ಕೇಳದೇ ಇದ್ದುದನ್ನು ಹೇಳಿದಳು. ನಾನು ಫೋನ್ ಮಾಡುವ ಮೊದಲೇ ಅವಳು ಆನೆಗಳನ್ನು ಕಂಡಿದ್ದಳು. ಸಿಲ್ವರ್ ಓಕ್ ಮರದ ಹಿಂದೆ, ಮೆಣಸಿನ ಬಳ್ಳಿಗೆ ಕೆನ್ನೆಯೊತ್ತಿ ನಿಂತಿದ್ದಳು. ಗಾಳಿ ಆನೆಗಳ ಕಡೆಯಿಂದ ಅವಳ ಕಡೆಗೆ ಬೀಸುತ್ತಿದ್ದರಿಂದ ಅವಕ್ಕೆ ಅವಳ ವಾಸನೆ ಸಿಕ್ಕಿರಲಿಲ್ಲ. ಆನೆಗಳು ತಮ್ಮ ಪಾಡಿಗೆ ದಾಟಿ ಹೋಗುತ್ತಿದ್ದವು. ಇನ್ನು ಒಂದೇ ಒಂದು, ತಾಯಿ ಆನೆ ದಾಟುವುದಿತ್ತು. ಆಗ ರಿಂಗಾಯಿತು. ತಾಯಿ ಆನೆ ಕಿವಿ ಅಗಲಿಸಿ ತಿರುಗಿತು. ನಿಲ್ಲಿಸಲು ಹೋದ ಬೆರಳು ಎಲ್ಲೋ ಒತ್ತಿ ಕರೆ ಕನೆಕ್ಟ್ ಆಯಿತು. ಅವಳು ಫೋನನ್ನು ಗಿಡಗಳ ಕಡೆ ಎಸೆದಳು. ಅಲ್ಲಿಂದ ನನ್ನ ಮಾತು ಬಂತು.

"ನಿಮ್ ಮಾತು ಕೇಳಿ ಅದು ಕಾಲು ನೆಲಕ್ಕೆ ಉಜ್ತು ಸಾರ್. ನಾನು ಮುಗೀತು ಅಂದ್ಕೊಂಡೆ. ಆಮೇಲೆ ನೀವು ಸುಮ್ನಾದ್ರಿ. ನೀವು ಸುಮ್ನಾದ್ಮೇಲೆ ಅದು ಹತ್ರ ಹೋಗಿ, ಫೋನನ್ನ ಸೊಂಡ್ಲಲ್ಲಿ ಹಿಂಗ್ ಮುಟ್ತು. ಮಗೂ ಕೆನ್ನೆ ಮುಟ್ಟೋ ಹಾಗೆ. ನಿಂತೇ ಇತ್ತು. ನನ್ ಕೈ ಚಾಚಿದ್ರೆ ಅದರ ಹೊಟ್ಟೆ ಸಿಗ್ತಿತ್ತು. ಮೈಮೇಲಿನ ಕೂದಲಲ್ಲಿ ಮಂಜಿನ ಹನಿ. ಎಷ್ಟ್ ಚೆಂದ ಇತ್ತು ಅಂದ್ರೆ ಹೆದರಿಕೆ ಮರ್ತೋಯ್ತು ಸಾರ್. ಇನ್ನೊಂದ್ಸಲ ಹಲೋ ಅಂದಿದ್ರೆ ನಾನಿರ್ತಿರ್ಲಿಲ್ಲ. ನೀವು ಅನ್ಲಿಲ್ಲ. ಅದಕ್ಕೇ ಕಾಯಿ ತಂದ್ಕೊಟ್ಟೆ."

ಮೂರು ವರ್ಷ ಆ ಕಾಯಿಯನ್ನು ನಾನು ಕದ್ದ ಮಾಲೆಂದು ತಿಳಿದಿದ್ದೆ. ಅವಳು ಅದನ್ನು ನನ್ನಲ್ಲಿದ್ದ ಹನ್ನೊಂದು ನಿಮಿಷದ ಒಳ್ಳೆಯತನಕ್ಕೆ ಕೊಟ್ಟಿದ್ದಳು. ಆನೆಯ ಉಸಿರನ್ನು ಕೇಳಿದಾಗ ಆದ ಬೆರಗೇ ಮತ್ತೆ ಆಯಿತು. ನನ್ನೆದುರು ಪಿನ್ನು ಹಿಡಿದು ಕೂತ ಈ ಹೆಂಗಸಿನ ಅಳತೆ ನನಗೆ ಸಿಗಲೇ ಇಲ್ಲ.

"ಮತ್ತೆ ಮ್ಯಾನೇಜರ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ರೈಟರ್ ಮಾತು ಒಂದ್ ಕಡೆ, ಲೈನ್ ಹೆಂಗ್ಸಿನ ಮಾತು ಒಂದ್ ಕಡೆ. ಯಾರ್ ನಂಬ್ತಾರೆ ಸಾರ್? ನೀವು ಹೇಳ್ತೀರಿ ಅಂತ ನೋಡ್ದೆ." ಮುಳ್ಳನ್ನು ಎಳೆದು ಬಿಸಾಡಿ ಹೇಳಿದಳು, "ಸತ್ತೆ ಅಂತ ಅಂದ್ರಲ್ಲ, ಅದು ಬೇಜಾರಾಯ್ತು. ಗ್ರೂಪ್ ನೋಡ್ಲಿಲ್ಲ ಅಂದಿದ್ದು ಅದಕ್ಕಿಂತ ಬೇಜಾರು. ನಾನ್ ನೋಡಿದ್ದೆ ಸಾರ್. ಬರೀ ಹೂವಿತ್ತು."

"ಇವತ್ತೇ ಎಲ್ರಿಗೂ ತಿಳಿಸ್ತೀನಿ. ಗ್ರೂಪಲ್ಲಿ ಹಾಕ್ತೀನಿ," ಎಂದು ಫೋನ್ ತೆಗೆದೆ.

"ಅಯ್ಯೋ, ಅಲ್ಲಿ ಬೇಡ ಸಾರ್! ಅದು ಆನೆ ಗ್ರೂಪು." ನನ್ನ ಕೈಯಲ್ಲಿದ್ದ ಫೋನನ್ನು ಬೆರಳಲ್ಲೇ ಕೆಳಗೆ ತಳ್ಳಿದಳು. "ಎದ್ರಿಗೆ ಹೇಳಿ."

ಮರುದಿನ ಮಸ್ಟರಿನಲ್ಲಿ ಹೇಳಿದೆ. ಮ್ಯಾನೇಜರಿಗೆ ಹಿಂದಿನ ಸಂಜೆಯೇ ಬರಬೇಕೆಂದು ಕೇಳಿಕೊಂಡಿದ್ದೆ. ಮೂವತ್ತು ಹೆಂಗಸರು, ಡ್ರೈವರ್, ಕಂದಕದ ಕಡೆಯಿಂದ ಬಂದು ಚಹಾ ಕುಡಿಯುತ್ತಿದ್ದ ವಾಚರ್, ಎಲ್ಲರೂ ಇದ್ದರು. ಕೂಗಿ ಮಾತಾಡಿ ರೂಢಿಯಾದ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎಲ್ಲರೂ ಹತ್ತಿರ ಬಂದು ಕೇಳಬೇಕಾಯಿತು. ಹನ್ನೊಂದು ಚಿತ್ರ ಹಾಕಿದ್ದು, ರಿಂಗ್ ಆಗಲೇಬೇಕು ಎಂದು ಗದರಿದ್ದು, ಬೆಲ್ಲಿಗೆ ಮೊದಲೇ ಫೋನ್ ಮಾಡಿದ್ದು, ಬೈದ ಮಾತು, ಅಳಿಸಿದ್ದು, ಕಾಯಿ ತೆಗೆದುಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅವಳು ಗ್ರೂಪ್ ನೋಡಿಯೇ ಹೊರಟಿದ್ದಳು ಎನ್ನುವುದನ್ನು ಎರಡು ಸಲ ಹೇಳಿದೆ.

ಡ್ರೈವರ್ ತಲೆ ಕೆಳಗೆ ಹಾಕಿದ. ವಾಚರ್ ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟ. ಹಿಂದಿನ ಸಾಲಿನಲ್ಲಿ ಒಬ್ಬಳು, "ಥೂ, ಅದಕ್ಕೆ ಮದುವೆ ಮನೇಲೆಲ್ಲ ಹೇಳ್ಕೊಂಡ್ ತಿರುಗಿದ್ರಾ?" ಎಂದಳು. ನನಗೆ ಅದು ಬೇಕಾಗಿತ್ತು.

"ಮೂರು ವರ್ಷ, ರೈಟ್ರೇ," ಎಂದರು ಮ್ಯಾನೇಜರ್. ಆಮೇಲೆ ಅವಳ ಮುಂದೆ ಹೋಗಿ, "ನಾನೂ ನಿನ್ನನ್ನ ಸರಿಯಾಗಿ ಕೇಳ್ಬೇಕಿತ್ತಮ್ಮ. ಇವತ್ತಿಂದ ಗ್ಯಾಂಗ್ ನಿಂದು," ಎಂದರು.

ನಾನು ಅವಳ ಮುಂದೆ ಕೈ ಮುಗಿದು ನಿಂತೆ. ಕೈ ಇಳಿಸಲು ನನ್ನಿಂದ ಆಗಲಿಲ್ಲ.

"ಸಾಕು ಸಾರ್, ಹೊತ್ತೇರ್ತಾ ಇದೆ," ಎಂದಳು ಅವಳು. "ಹಾಜರಿ ಕರೀರಿ."

ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಮೊದಲ ಸಾಲಿನಲ್ಲಿ ಬರೆಯುವುದು ಕ್ರಮ. ಹೊಸ ಪುಟ ತೆಗೆದು ಅಲ್ಲಿ ಅವಳ ಹೆಸರು ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಮೆಲ್ಲಗೆ ಕರೆದೆ.

"ಇದೀನಿ," ಎಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, ವಾ‌ಚರ್ ಅಂದು ಬೆಳಿಗ್ಗೆ ಗ್ರೂಪಿನಲ್ಲಿ ಹೇಳಿದ ದಾರಿಯಲ್ಲಿ, ಮುಂದೆ ನಡೆದಳು.